ನಮ್ಮತ್ತೆಯ ಕಾಗದದ ಕೌಜುಗ

ಆಗುವುದೇ ಇಲ್ಲ ಎಂದು ಮೊದಲು ಸಾರಿದವಳು ನಮ್ಮಜ್ಜಿ. "ಕಾಗ್ದದ ಕೌಜುಗ ಮಾರಿ ಕಾಡಿನ ಕೌಜುಗ ಉಳಿಸ್ತಾಳಂತೆ! ಮೊದ್ಲು ಒಲೆ ಮೇಲಿನ ಸಾರು ಉಕ್ಕದಂಗೆ ಉಳಿಸ್ಲಿ!" ಹೆತ್ತ ಮಗಳ ಬಗ್ಗೆ, ಅಂದರೆ ನನ್ನ ಸೋದರತ್ತೆಯ ಬಗ್ಗೆ, ಆಡಿದ ಮಾತಿದು. ನಾನೂ ಹೌದೆಂದು ತಲೆಯಾಡಿಸಿದೆ. ನಮ್ಮ ವಂಶದಲ್ಲೇ ಮೊದಲ ಬಿ.ಎ. ಆಗಲು ಹೊರಟವನು, ನನಗೆ ತಿಳಿಯದ್ದು ಉಂಟೇ!

ಎಂಬತ್ತರ ದಶಕದ ಮಾತು. ಅತ್ತೆ ಚಿನ್ನದ ಗಣಿಯ ಕೋರಮಂಡಲ್ ಬಡಾವಣೆಯ ಟೀಚರಮ್ಮನೊಬ್ಬರ ಮನೆಯಲ್ಲಿ ಪಾತ್ರೆ ತಿಕ್ಕುತ್ತಾ ಕಾಗದ ಮಡಚುವುದನ್ನು ಕಲಿತಳು. ಆಮೇಲೆ ಕಾಮಸಮುದ್ರದ ಬಳಿಯ ನಮ್ಮೂರಿನಲ್ಲಿ ಕಾಗದವೇ ಉಳಿಯಲಿಲ್ಲ. ಲಗ್ನಪತ್ರಿಕೆ, ಕ್ಯಾಲೆಂಡರ್, ಬೀಡಿ ಕಟ್ಟಿನ ಲೇಬಲ್ಲು, ಎಲ್ಲಕ್ಕೂ ರೆಕ್ಕೆ! ಪರೀಕ್ಷೆಗೆ ನಾಲ್ಕು ದಿನವಿದ್ದಾಗ ನನ್ನ ಅರ್ಥಶಾಸ್ತ್ರದ ನೋಟ್ಸೂ ಹಾರಿತು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಓಡಿ, ಅತ್ತೆಯ ಕೋಲಿನಲ್ಲಿ ನೇತಾಡುತ್ತಿದ್ದ ಹಕ್ಕಿಗಳನ್ನು ಒಂದೊಂದಾಗಿ ಬಿಚ್ಚಿ ಓದಿದೆ. ಪೂರೈಕೆ ಸಿಕ್ಕಿತು, ಬೇಡಿಕೆ ಆಗಲೇ ಯಾವುದೋ ಮಗುವಿನ ತೊಟ್ಟಿಲು ಸೇರಿತ್ತು.

ಹಕ್ಕಿ ಮಾರಿದ ಕಾಸಿನಲ್ಲಿ ಅತ್ತೆ ಮಾಡುತ್ತಿದ್ದುದೇನು? ಪಕ್ಕದಲ್ಲೇ ಬುಟ್ಟಿಯಿಟ್ಟುಕೊಂಡು ಕೂರುತ್ತಿದ್ದ ನಮ್ಮೂರ ಮುನಿಯಪ್ಪನಿಂದ ಜೀವಂತ ಕೌಜುಗ ಕೊಂಡು, ಊರಿಗೆ ತಂದು ಹೊಲದ ಬೇಲಿಯ ಮರೆಗೆ ಬಿಡುತ್ತಿದ್ದಳು. ಮುನಿಯಪ್ಪ ಉರುಲು ಒಡ್ಡುತ್ತಿದ್ದುದೂ ಅದೇ ಬೇಲಿಯಲ್ಲಿ!

"ಏಯ್, ಈ ಕುಂಟುಕಾಲಿಂದು ಓದ್ ವಾರ ನಾನ್ ಬಿಟ್ಟಿದ್ದೇ ಅಲ್ವೇನ್ಲಾ?"

"ಊ ಕಣಕ್ಕೋ. ನೀನಂದ್ರೆ ಅದಕ್ಕೂ ಪ್ರೀತಿ, ತಿರ್ಗಾ ಬಂದೈತೆ."

ಮೂರನೇ ಸಲವೂ ಅದೇ ಕುಂಟ ಬಂದಾಗ ಅತ್ತೆ ಬೈಯಲಿಲ್ಲ. ಒಂದು ಹಾಳೆ ಚಾಚಿದಳು. "ಕೂತ್ಕಳ್ಲಾ. ಮಡಚು."

"ಮಡಚ್ಕೊಂಡ್ ಕೂತ್ರೆ ಮನೇಲಿ ಐದ್ ಜನ ಏನ್ ತಿನ್ನಾದು? ಇದ್ನೇನಾ?"

ಆದರೂ ಕೂತ. ಕುದುರೆ ಬಾಲದ ಕೂದಲಲ್ಲಿ ಉರುಲು ಹೆಣೆದ ಬೆರಳಲ್ಲವೇ! ಅತ್ತೆಯ ಕೌಜುಗ ಸವೆದ ಚಪ್ಪಲಿಯಂತಿದ್ದರೆ, ಅವನದು ಕತ್ತು ಹೊರಳಿಸಿ ಏನನ್ನೋ ಆಲಿಸುತ್ತಿತ್ತು. ಜನ ಅವನದನ್ನೇ ಕೇಳಿ ಕೊಂಡರು. ಅತ್ತೆ ತನ್ನ ಚಪ್ಪಲಿಗಳನ್ನೆಲ್ಲ ಬಿಚ್ಚಿ ಅವನಿಗೆ ಹಾಳೆ ಮಾಡಿಕೊಟ್ಟಳು! ಮೊದಮೊದಲು ಆ ಕಾಸು ಸಾಕಾಗಲಿಲ್ಲ. ಅವನ ಮನೆಯಲ್ಲಿ ಮುದ್ದೆ ಹೋಗಿ ಅಂಬಲಿ ಬಂತು. ಅಟ್ಟಕ್ಕೆ ಹಾಕಿದ ಉರುಲನ್ನು ಮಾತ್ರ ಅವನು ಕೆಳಗಿಳಿಸಲಿಲ್ಲ. ಮರುವರ್ಷ ಬೇಲಿಯುದ್ದಕ್ಕೂ ಎದ್ದ ಕೌಜುಗದ ಗಲಾಟೆಗೆ ಅಜ್ಜಿ ಬೆಳಬೆಳಗ್ಗೆಯೇ ಶಪಿಸತೊಡಗಿದಳು.

ಸುದ್ದಿ ಅರಣ್ಯ ಇಲಾಖೆಗೂ ಮುಟ್ಟಿತು. ಬಂಗಾರಪೇಟೆಯ ಶಾಲೆಯೊಂದರ ಸಮಾರಂಭದಲ್ಲಿ ಅಧಿಕಾರಿಯೊಬ್ಬರು ಅತ್ತೆಗೆ ಪ್ರಮಾಣಪತ್ರ ಕೊಟ್ಟರು. ಅಷ್ಟರಲ್ಲಿ ನಾನೂ ಪದವೀಧರ. ಅದನ್ನು ಗಟ್ಟಿಯಾಗಿ ಓದಿ ಹೇಳಲು ಎದೆಯುಬ್ಬಿಸಿ ನಿಂತಿದ್ದೆ. ಅತ್ತೆ ನನ್ನತ್ತ ನೋಡಲೂ ಇಲ್ಲ. ವೇದಿಕೆ ಇಳಿದು ಹೋಗಿ, ಹಿಂದೆ ಗೋಡೆಗೊರಗಿ ನಿಂತಿದ್ದ ಮುನಿಯಪ್ಪನ ಕೈಗೆ ಅದನ್ನು ಇಟ್ಟುಬಿಟ್ಟಳು.

"ಅತ್ತೇ, ಅದ್ರಲ್ಲಿ ನಿನ್ ಹೆಸ್ರೈತೆ!" ಎಂದು ಹಿಂದೆಯೇ ಓಡಿದೆ.

"ಇರ್ಲಿ ಬಿಡ್ಲಾ. ನಾನು ಮಡಚ್ದೇ ಇದ್ರೂ ಉಣ್ತಿದ್ದೆ. ಇವ್ನು ಉಣ್ತೀನೋ ಇಲ್ವೋ ತಿಳೀದೇನೇ ಉರುಲು ಬಿಟ್ಟವ್ನೆ."