ಮೀನಿಗೆ ಹೆಪ್ಪು ಹಾಕಿದ್ದು

ನಗು ಬೇಕು ಅಂತ ಕೆಲವರು ಟಿಕೆಟ್ ತಗೊಂಡು ಸರ್ಕಸ್ಸಿಗೆ ಹೋಗ್ತಾರೆ. ನಮ್ಮನೆಯವರಿಗೆ ಆ ಖರ್ಚಿಲ್ಲ. ನಾನು ಎಲ್ಲಿ ನಿಂತರೆ ಅಲ್ಲಿ ಏನಾದರೊಂದು ಚೆಲ್ಲುತ್ತೆ, ಒಡೆಯುತ್ತೆ, ಇಲ್ಲಾ ಕೂಗಿಕೊಂಡು ಓಡುತ್ತೆ. ಕಾಲು ಒಂದು ಕಡೆ ನಿಲ್ಲಲ್ಲ, ಕೈ ಅಂತೂ ಮೊದಲೇ ನಿಲ್ಲಲ್ಲ. ಇಂಥವನ ಕೈಗೆ ಅಪ್ಪ ಎರಡು ಮೀನು ಕೊಟ್ಟರು. ತಪ್ಪು ನಂದಾ ಅವರದಾ, ನೀವೇ ಹೇಳಿ.

1. ಶರತ್ತು

ಎಸ್ಸೆಸ್ಸೆಲ್ಸೀಲಿ ವಿಜ್ಞಾನಕ್ಕೆ ನನಗೆ ಹದಿನೇಳು ಬಂತು. ಮನೆಯವರು ಅತ್ತರು. ಆಶ್ಚರ್ಯಪಟ್ಟಿದ್ದು ಪಕ್ಕದ ಮನೆ ಕೆಮಿಸ್ಟ್ರಿ ಮೇಷ್ಟ್ರು ಒಬ್ಬರೇ. ಸ್ಕೂಲಲ್ಲಿ ನನಗೆ ಪಾಠ ಮಾಡಿದವರು ಅವರೇ. "ಹದಿನೇಳು ಎಲ್ಲಿಂದ ಬಂತೋ?" ಅಂದರು.

ಅಪ್ಪ ಅವರನ್ನೇ ಸಲಹೆ ಕೇಳಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನೋಡಿ ಸ್ವಾಮಿ, ಇವನು ಎರಡು ನಿಮಿಷ ಒಂದು ಕಡೆ ಕೂರಲ್ಲ. ವಿದ್ಯೆ ಹತ್ತಲ್ಲ. ಎಲ್ಲಾದರೂ ಕೆಲಸಕ್ಕೆ ಹಾಕ್ಬುಡಿ" ಅಂದರು.

ಚಿಕ್ಕಪ್ಪಂದು ಉದಯಗಿರೀಲಿ ಹಿಟ್ಟಿನ ಗಿರಣಿ ಇದೆ. ಬೆಳಿಗ್ಗೆಯಿಂದ ಸಂಜೆವರೆಗೂ ಒಂದೇ ಸ್ಟೂಲಿನ ಮೇಲೆ ಕೂತು, ರಾಗಿ ಸುರಿದು, ಸೀನಬೇಕು. ನೆನೆಸಿಕೊಂಡರೇ ನನ್ನ ಅಂಗಾಲು ಕಡಿಯುತ್ತೆ. ಅಪ್ಪನ ಕಾಲಿಗೆ ಬಿದ್ದೆ.

ಅದೇ ವಾರ ಅಪ್ಪನ ಆಫೀಸರಿಗೆ ವರ್ಗ ಆಯ್ತು. ಯಾದವಗಿರಿ ಬಂಗಲೆ ಖಾಲಿ ಮಾಡುವಾಗ ಗಾಜಿನ ತೊಟ್ಟಿ, ಗಾಳಿ ಬಿಡೋ ಮೋಟಾರು, ಒಂದು ಸ್ಪಂಜಿನ ಫಿಲ್ಟರು, ಎರಡು ಗೋಲ್ಡ್ ಫಿಶ್ಶು ಎಲ್ಲಾನೂ ಅಪ್ಪನ ತಲೆಗೆ ಕಟ್ಟಿಹೋದರು. ಅಪ್ಪ ತೊಟ್ಟಿ ನೋಡಿದರು, ನನ್ನ ನೋಡಿದರು.

"ದಸರಾವರೆಗೂ ಇವೆರಡನ್ನ ಬದುಕಿಸು. ಬದುಕಿದ್ರೆ ಗಿರಣಿ ಇಲ್ಲ. ಒಂದು ಸತ್ರೂ ಮಾರನೇ ದಿನ ನೀನು ಉದಯಗಿರಿ."

ದಪ್ಪಗಿದ್ದದ್ದಕ್ಕೆ ಗುಂಡ, ಇನ್ನೊಂದಕ್ಕೆ ಪುಟ್ಟಿ ಅಂತ ಹೆಸರಿಟ್ಟೆ. ಮೇಷ್ಟ್ರು ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿ ಅಂದರು, "ಪಾಪ, ಮೀನುಗಳು ಹೋದ ಜನ್ಮದಲ್ಲಿ ಏನು ಮಾಡಿದ್ವೋ."

2. ತಂಗಳು ನೀರು

ನಮ್ಮ ಅಶೋಕಪುರಂನಲ್ಲಿ ಆಗ ನಲ್ಲಿ ದಿನ ಬಿಟ್ಟು ದಿನ ಬರ್ತಿತ್ತು. ನಲ್ಲಿ ಸದ್ದು ಮಾಡಿದ ತಕ್ಷಣ ಅಜ್ಜಿ ಮೈಮೇಲೆ ಬಂದವರ ಹಾಗೆ ಎದ್ದು, ಕೊಡ, ಕೊಳಗ, ಚೊಂಬು, ಲೋಟ ಎಲ್ಲದರ ಹಳೇ ನೀರನ್ನೂ ಚೆಲ್ಲಿ ಹೊಸ ನೀರು ತುಂಬಬೇಕು. ಹಳೇದು ತಂಗಳು, ಮನೇಲಿರಬಾರದು.

ಮೂರನೇ ದಿನ ನಾನು ಹಲ್ಲುಜ್ಜಿ ಬರೋಷ್ಟರಲ್ಲಿ ಮೀನಿನ ತೊಟ್ಟೀನೂ ಫಳಫಳ ಅಂತಿತ್ತು.

"ಅಜ್ಜೀ! ಏನು ಮಾಡಿದೆ?"

"ಪಾಪ ಕಣೋ, ತಂಗಳು ನೀರಲ್ಲಿ ಇಟ್ಟಿದ್ದೆಯಲ್ಲ. ಪೂರ್ತಿ ಚೆಲ್ಲಿ ಹೊಸದು ತುಂಬಿದೀನಿ. ನೋಡು, ಎಂಗೆ ಕುಣೀತವೆ!"

ಅವು ಕುಣೀತಿರಲಿಲ್ಲ, ಒದ್ದಾಡ್ತಿದ್ವು. ನೀರಿಗೆ ಮೂಗಿಟ್ಟರೆ ಬ್ಲೀಚಿಂಗ್ ಪುಡಿ ಘಾಟು. ಎರಡೂ ಮೇಲೆ ಬಂದು ಬಾಯಿ ಬಿಡ್ತಿದ್ವು. ಬಚ್ಚಲಲ್ಲಿ ಅಪ್ಪ ಮೊನ್ನೆ ನಲ್ಲಿ ಬಂದಾಗ ಸ್ನಾನಕ್ಕೆ ಹಿಡಿದಿಟ್ಟಿದ್ದ, ಅಜ್ಜಿ ಕಣ್ಣಿಗೆ ಬೀಳದ ಒಂದು ಪ್ಲಾಸ್ಟಿಕ್ ಬಕೆಟ್ ನೀರಿತ್ತು. ಎರಡನ್ನೂ ಎತ್ತಿ ಅದಕ್ಕೆ ಹಾಕಿಬಿಟ್ಟೆ. ಅಷ್ಟರಲ್ಲಿ ಅಪ್ಪ ಟವೆಲ್ ಸುತ್ತಿಕೊಂಡು ಬಂದು ಚೊಂಬು ಅದ್ದಿದರು. ಗುಂಡ ಚೊಂಬಲ್ಲಿ ಬಂದ.

ಸೈಕಲ್ ಹತ್ತಿ ಮಾರ್ಕೆಟ್ ಹಿಂದಿನ ಬಣ್ಣದ ಮೀನಿನ ಅಂಗಡಿಗೆ ಓಡಿದೆ. ಅಂಗಡಿಯವರು ಬೀಡಿ ಕೆಳಗಿಟ್ಟು ಹೇಳಿದರು, "ನಲ್ಲಿ ನೀರು ಒಂದು ದಿನ ಬಕೆಟಲ್ಲಿ ಕೂರಬೇಕಪ್ಪ, ಘಾಟು ಹೋಗ್ಬೇಕು. ಚೆಲ್ಲೋದಾದ್ರೂ ವಾರಕ್ಕೆ ಕಾಲು ಭಾಗ ಅಷ್ಟೇ. ಮೀನು ತಾನೇ ಬದುಕ್ಕೊಳ್ಳುತ್ತೆ. ನೀನು ನೀರು ಸಾಕು, ನೀರು."

ಅವತ್ತು ಗುಂಡ, ಪುಟ್ಟಿ ಬಕೆಟಲ್ಲಿ ಆರಾಮಾಗಿದ್ವು. ಅಪ್ಪ ಸ್ನಾನ ಇಲ್ಲದೆ, ಮೂರು ಸಲ ಪೌಡರ್ ಹಾಕಿಕೊಂಡು ಆಫೀಸಿಗೆ ಹೋದರು.

3. ಊಟ ಆಯ್ತಾ?

ನಮ್ಮ ಕಡೆ ಯಾರನ್ನ ನೋಡಿದರೂ ಮೊದಲ ಮಾತು ಊಟ ಆಯ್ತಾ ಅಂತ. ಮೀನಿಗೆ ಆಯ್ತು ಅನ್ನೋಕೆ ಬಾಯಿ ಇಲ್ಲ. ಬಾಯಿ ಇದೆ, ಆದರೆ ಯಾವಾಗಲೂ ತೆಗೆದೇ ಇರುತ್ತೆ. ಅದನ್ನ ನೋಡಿ ಎಲ್ಲರಿಗೂ ಕರುಳು ಕಿತ್ತು ಬರೋದು. ಅಮ್ಮ ಬೆಳಿಗ್ಗೆ ಹಾಕೋಳು. ಅಪ್ಪ ಆಫೀಸಿಂದ ಬಂದು ಹಾಕೋರು. ಹಾಲು ಹಾಕೋ ಹೆಂಗಸು ಕಿಟಕಿಯಿಂದಲೇ ಬನ್ ಮುರಿದು ಹಾಕೋಳು. ನೀರು ಎರಡೇ ವಾರದಲ್ಲಿ ಗಂಜಿ ಆಯ್ತು, ನಾತ ಬೇರೆ.

ಒಂದು ಸ್ಲೇಟು ತಂದು "ಮೀನಿಗೆ ಊಟ ಆಗಿದೆ" ಅಂತ ಬರೆದು ತೂಗು ಹಾಕಿದೆ. ಮೈಸೂರಿನ ಜನ ಅದಕ್ಕೆಲ್ಲ ಬಗ್ಗುತ್ತಾರಾ? "ಆಗಿದ್ರೇನಂತೆ, ಒಂದು ಚೂರು ಹಾಕಿಸ್ಕೊಳ್ಳಲಿ ಬುಡೋ" ಅಂದು ಅತ್ತೆ ಒಬ್ಬರು ಚಕ್ಕುಲಿ ಪುಡಿ ಮಾಡಿ ಹಾಕಿದರು.

ಆಗ ನನ್ನ ತಲೆ ಓಡಿತು. ಸ್ಲೇಟು ಒರೆಸಿ, "ಇವತ್ತು ಮೀನಿಗೆ ಉಪವಾಸ" ಅಂತ ಬರೆದೆ. ಜಾದೂ! ಒಬ್ಬರೂ ಕೈ ಹಾಕಲಿಲ್ಲ. ನಮ್ಮಲ್ಲಿ ಊಟ ಆದವರಿಗೆ ಬಲವಂತ ಮಾಡ್ತಾರೆ, ಉಪವಾಸ ಇದ್ದವರ ತಂಟೆಗೆ ಹೋಗಲ್ಲ. ಖುಷಿಯಾಗಿ ದಿನಾ ಅದೇ ಸ್ಲೇಟು ಬಿಟ್ಟೆ. ಬೆಳಿಗ್ಗೆ ಮಾತ್ರ ಯಾರಿಗೂ ಕಾಣದ ಹಾಗೆ ನಾನೇ ನಾಲ್ಕು ಕಾಳು ಹಾಕ್ತಿದ್ದೆ. ನೀರು ಕನ್ನಡಿ ಆಯ್ತು.

ಎಂಟನೇ ದಿನ ನೋಡಿದರೆ ತೊಟ್ಟಿ ತುಂಬ ಸುಣ್ಣದ ನೀರಿನ ಹಾಗೆ ಬೆಳ್ಳಗೆ. ಗುಂಡನ ಬೆನ್ನ ಮೇಲೆ ಬೂದಿ. ಅಜ್ಜಿ ಕೈಲಿ ವಿಭೂತಿ ಗಟ್ಟಿ.

"ಅಜ್ಜೀ!"

"ಕೂಗಬೇಡ. ನಾನು ಸೋಮವಾರ ಒಂದು ದಿನ ಉಪವಾಸ ಇರೋಳು, ಬೆಳಗಾಗೆದ್ದು ಇಷ್ಟು ಹಚ್ಕೊತೀನಿ. ವಾರವಿಡೀ ಇರೋರಿಗೆ ಬೇಡ್ವೇನೋ?"

4. ಶುಕ್ರವಾರ

ಒಂದು ದಿನ ಬಕೆಟಲ್ಲಿ ಕೂರಿಸಿದ ನೀರನ್ನ ಚೂರುಚೂರೇ ಹಾಕಿ, ವಿಭೂತಿ ಇಳಿಸೋಕೆ ನಾಲ್ಕು ದಿನ ಹಿಡೀತು. ಆಮೇಲೆ ಎಲ್ಲ ಸರಿಹೋಯ್ತು ಅಂದುಕೊಂಡೆ. ಅಮ್ಮನ ಶುಕ್ರವಾರ ಮರೆತಿದ್ದೆ.

ಶುಕ್ರವಾರ ಅಮ್ಮ ಹೊಸಲಿಂದ ಹಿಡಿದು ಹಿತ್ತಾಳೆ ದೀಪದವರೆಗೆ ಎಲ್ಲ ಉಜ್ಜುತ್ತಾಳೆ. ಸಿಕ್ಕಿದರೆ ನನ್ನನ್ನೂ ಉಜ್ಜುತ್ತಾಳೆ. ಆ ಶುಕ್ರವಾರ ಫಿಲ್ಟರಿನ ಸ್ಪಂಜು ಅವಳ ಕಣ್ಣಿಗೆ ಬಿತ್ತು. ಕಂದು ಬಣ್ಣ, ಲೋಳೆ. ಬಟ್ಟೆ ಸೋಪು ಹಾಕಿ ಉಜ್ಜಿ, ಜಾಲಿಸಿ, ಹಿಂಡಿ, ಅಪ್ಪನ ಬನೀನು ಪಕ್ಕ ತಂತಿ ಮೇಲೆ ಒಣಗಲು ಹಾಕಿದಳು. ಸಂಜೆಗೆ ತೆಗೆದು ತಂದು, "ನೋಡು, ಹೊಸದರ ಹಾಗಿದೆ" ಅಂತ ಸಿಕ್ಕಿಸಿದಳು.

ಸೋಮವಾರದ ಹೊತ್ತಿಗೆ ಪುಟ್ಟಿ ಮೂಲೆ ಹಿಡಿದು ರೆಕ್ಕೆ ಮುದುರಿ ಕೂತಳು. ನನಗೆ ಕಿವಿಯಲ್ಲಿ ಗಿರಣಿ ಬೆಲ್ಟಿನ ಸದ್ದು ಕೇಳಿಸೋಕೆ ಶುರುವಾಯ್ತು. ಮತ್ತೆ ಮೀನಂಗಡಿ.

"ಅಯ್ಯೋ, ಸೋಪಾ!" ಅಂದು ಅವರು ಹಣೆ ಚಚ್ಚಿಕೊಂಡರು. "ಆ ಕೊಳೇಲೇ ಕಣಪ್ಪ ಸಣ್ಣಸಣ್ಣ ಜೀವಗಳಿರೋದು. ಕಣ್ಣಿಗೆ ಕಾಣಲ್ಲ. ಮೀನಿನ ಗಲೀಜನ್ನ ಅವೇ ತಿಂದು ನೀರಿನ ವಿಷ ತೆಗೆಯೋದು. ನಿಮ್ಮಮ್ಮ ಎಲ್ಲಾನೂ ಒಗೆದುಬಿಟ್ರು." ತಮ್ಮ ತೊಟ್ಟಿಯ ಹಳೇ ಸ್ಪಂಜು ತೆಗೆದು, ನೀರು ತೋರಿಸೋಕೆ ನಾನು ಒಯ್ದಿದ್ದ ಸ್ಟೀಲ್ ಲೋಟ ಖಾಲಿ ಮಾಡಿಸಿ ಅದಕ್ಕೆ ಹಿಂಡಿದರು. "ಇದನ್ನ ನಿಮ್ಮ ಸ್ಪಂಜಿನ ಮೇಲೆ ಸುರಿ. ನಿಧಾನಕ್ಕೆ ಹಿಡ್ಕೊಳ್ಳುತ್ತೆ."

ಒಂದು ಕೈಲಿ ಸೈಕಲ್, ಒಂದು ಕೈಲಿ ಲೋಟ. ಬೀದಿ ತುದೀಲಿ ಎದುರುಮನೆಯವರು ಅಡ್ಡ ಬಂದರು. "ಏನೋ ಅದು, ಕಷಾಯನಾ?"

"ಹೂಂ ಕಣ್ರೀ, ಕೆಮ್ಮಿಗೆ."

"ನಂಗೂ ವಾರದಿಂದ ಕೆಮ್ಮು. ಒಂದು ಗುಟುಕು ಕೊಡು ಮತ್ತೆ."

ನಾನು ಪೋಲಿ ಇರಬಹುದು, ಕೊಲೆಗಾರ ಅಲ್ಲ. ಸೈಕಲ್ ತುಳಿದೆ.

ಮನೇಲಿ ಅಮ್ಮನಿಗೆ ಜೀವ, ವಿಷ ಅಂತ ಎಷ್ಟು ವಿವರಿಸಿದರೂ ತಲೆಗೆ ಹೋಗಲಿಲ್ಲ. ಅಜ್ಜಿ ಒಂದು ಸಲ ಲೋಟ ಇಣುಕಿ ನೋಡಿ, "ಇಷ್ಟೇ ತಾನೆ? ಮೀನಿಗೆ ಹೆಪ್ಪು. ಹಾಕಿದ್ಮೇಲೆ ಅಲ್ಲಾಡಿಸಬಾರದು" ಅಂದುಬಿಟ್ಟಳು, ಕಾಂಪೌಂಡಾಚೆ ಮೇಷ್ಟ್ರಿಗೂ ಕೇಳೋ ಹಾಗೆ. ಮೇಷ್ಟ್ರು ಮೂರು ವರ್ಷ ಪಾಠ ಮಾಡಿದಾಗ ತಿಳಿಯದ ವಿಜ್ಞಾನ ಒಂದೇ ಉಸಿರಲ್ಲಿ ತಿಳೀತು. ಹೆಪ್ಪು ಹಾಕಿದ ಪಾತ್ರೆ ಮುಟ್ಟಬಾರದು. ಲೋಟದ್ದನ್ನ ಸ್ಪಂಜಿನ ಮೇಲೆ ಸುರಿದೆ. ಅಲ್ಲಿಂದ ನಾನು ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ತೊಟ್ಟಿ ಮುಂದೆ ಕೂರೋದು ಕಲಿತೆ. ಪುಟ್ಟಿ ಎದ್ದಳು. ನನ್ನ ಕೈ ಮಾತ್ರ ಜೋಮು ಹಿಡೀತು.

5. ಕಳ್ಳತನ

ನಮ್ಮ ತೊಟ್ಟಿ ನೋಡಿ ಮೇಷ್ಟ್ರು ಮೊಮ್ಮಗಳು ಹಟ ಹಿಡಿದಳು. ಮೇಷ್ಟ್ರು ನಮ್ಮದರ ಎರಡರಷ್ಟು ದೊಡ್ಡ ತೊಟ್ಟಿ ತಂದರು. ಥರ್ಮಾಮೀಟರು, ನೀರಿನ ಹುಳಿ ನೋಡೋ ಬಣ್ಣದ ಕಾಗದ, ಬರೆದಿಡೋಕೆ ನೋಟ್‌ಬುಕ್ಕು. ಭಾನುವಾರ ಬಂದರೆ ತೊಟ್ಟಿ, ಕಲ್ಲು, ಸ್ಪಂಜು ಎಲ್ಲ ಲ್ಯಾಬಿನ ಹಾಗೆ ತೊಳೆಯೋರು. ನಾಲ್ಕು ಮೀನಲ್ಲಿ ಎರಡು ಹೋದವು. ನೋಟ್‌ಬುಕ್ಕಲ್ಲಿ ಅದನ್ನೂ ಬರೆದರು.

ದಸರಾಕ್ಕೆ ಒಂದು ವಾರ ಇತ್ತು. ಶುಕ್ರವಾರ, ಅಮ್ಮ ಆಗತಾನೆ ದೀಪ ಹಚ್ಚಿದ್ದಳು. ಮೇಷ್ಟ್ರು ಬಾಗಿಲಲ್ಲಿ, ಕೈಲಿ ಸ್ಟೀಲ್ ಲೋಟ.

"ತಾಯಿ, ಸ್ವಲ್ಪ... ಹೆಪ್ಪು ಬೇಕಿತ್ತು. ಮೀನಿಂದು."

ಅಜ್ಜಿ ಕಾಲು ನೀಡಿ ಕೂತಿದ್ದಳು, ಅಲ್ಲಾಡಲಿಲ್ಲ. "ದೀಪ ಹಚ್ಚಾಯ್ತು ಮೇಷ್ಟ್ರೇ. ಶುಕ್ರವಾರ ಬೇರೆ. ಹೆಪ್ಪು ಹೊಸಲು ದಾಟಲ್ಲ."

"ಅಮ್ಮ, ಇದು ಮೊಸರಲ್ಲ. ಬರೀ ಕೊಳೆ."

"ಕೊಳೆ ಆದ್ರೆ ನಿಮ್ಮನೇಲಿಲ್ವಾ? ನಮ್ಮನೇದೇ ಯಾಕೆ?"

ಬಿಎಸ್ಸಿ ಬಿಎಡ್ ಮೇಷ್ಟ್ರು ಲೋಟಾನ ಈ ಕೈಯಿಂದ ಆ ಕೈಗೆ ಬದಲಿಸಿದರು. "ಉಳಿದ ಎರಡೂ ಮೇಲೆ ಬಂದು ಬಾಯಿ ಬಿಡ್ತಿವೆ ತಾಯಿ. ಮಗು ಅಳ್ತಿದೆ" ಅಂದರು, ಮೆಲ್ಲಗೆ.

ಅಜ್ಜಿ ಕರಗಿದಳು, ಆದರೆ ಶಾಸ್ತ್ರ ಬಿಡಲಿಲ್ಲ. "ಕೊಟ್ರೆ ತಾನೆ ದೋಷ? ಯಾರಾದ್ರೂ ಕದ್ಕೊಂಡು ಹೋದ್ರೆ ನಾವೇನು ಮಾಡೋಕಾಗುತ್ತೆ? ಎಲ್ರೂ ಗೋಡೆ ಕಡೆ ತಿರುಗ್ರೋ!"

ಅಪ್ಪ, ಅಮ್ಮ, ಅಜ್ಜಿ, ನಾನು ಸಾಲಾಗಿ ಗೋಡೆಗೆ ಮುಖ ಹಾಕಿ ನಿಂತೆವು. ಹಿಂದೆ ಮೇಷ್ಟ್ರು ತೋಳು ಮಡಚಿ, ತೊಟ್ಟಿಗೆ ಕೈಬಿಟ್ಟು, ಸ್ಪಂಜು ಹಿಂಡೋ ಸದ್ದು. ಪಿಚಕ್. ಪಿಚಕ್. ನನ್ನ ಮೂಗಿನ ಮುಂದೆ ಕ್ಯಾಲೆಂಡರು. ನಾಲ್ಕು ತಿಂಗಳಿಂದ ಕಟ್ಟಿಹಾಕಿದ್ದ ನನ್ನ ಚೇಷ್ಟೆ ಹಗ್ಗ ಕಿತ್ತುಕೊಂಡಿತು. ತಡೆಯೋಕಾಗಲಿಲ್ಲ.

"ಕಳ್ಳ! ಕಳ್ಳ ಬಂದವ್ನೆ! ಬರ್ರೀ!"

ಎರಡೇ ನಿಮಿಷ. ಎದುರುಮನೆಯವರು ಪೊರಕೆ ಹಿಡಿದು, ಹಿಂದಿನ ಮನೆಯವರು ಕ್ರಿಕೆಟ್ ಬ್ಯಾಟ್ ಹಿಡಿದು ಒಳಗೆ ನುಗ್ಗಿದರು. ಮೊಣಕೈವರೆಗೂ ಒದ್ದೆಯಾಗಿ, ಲೋಟ ಎದೆಗವಚಿಕೊಂಡು ಮೇಷ್ಟ್ರು ನಿಂತಿದ್ದರು.

"ನೀವಾ ಮೇಷ್ಟ್ರೇ? ಏನು ಕದ್ರಿ?"

"ಕೊಳೆ" ಅಂದರು ಮೇಷ್ಟ್ರು.

ಎದುರುಮನೆಯವರು ಲೋಟ ಇಣುಕಿ ನನ್ನ ಕಡೆ ತಿರುಗಿದರು. "ಕೆಮ್ಮಿನ ಕಷಾಯ ಅಂದ್ಯಲ್ಲೋ!"

ಎಲ್ಲರೂ ಹೋದ ಮೇಲೆ ಅಪ್ಪನ ಕೈ ನನ್ನ ಕಿವಿಗೆ ಬಂತು. "ನಾಳೇನೇ ಗಿರಣಿ!"

"ಮೀನು ಎರಡೂ ಬದುಕಿವೆ ಅಪ್ಪಾ! ಶರತ್ತು!"

"ಮೀನು ಬದುಕ್ತು, ನನ್ನ ಮರ್ಯಾದೆ ಸತ್ತೋಯ್ತು!"

ಹೊಸಲ ಹತ್ತಿರ ಮೇಷ್ಟ್ರು ನಿಂತರು. ಲೋಟ ನೋಡಿದರು, ನನ್ನ ಕಿವಿ ನೋಡಿದರು. "ಬಿಡಿ ಸ್ವಾಮಿ. ಇವನು ಉದಯಗಿರಿಗೆ ಹೋದ್ರೆ ನಮ್ಮ ನೀರು ಕೆಟ್ಟಾಗ ನಾನು ಯಾರನ್ನ ಕೇಳ್ಲಿ? ಪರೀಕ್ಷೆಗೆ ಮತ್ತೆ ಕಟ್ಟಿಸಿ. ದಿನಾ ಸಾಯಂಕಾಲ ನಾನೇ ವಿಜ್ಞಾನ ಹೇಳಿಕೊಡ್ತೀನಿ."

ಅಪ್ಪ ಕಿವಿ ಬಿಟ್ಟರು. ಗಿರಣಿ ತಪ್ಪಿತು, ಆದರೆ ದಿನಾ ಸಾಯಂಕಾಲ ಮೇಷ್ಟ್ರು ಮುಂದೆ ಕೂರೋದು! ಆಸೆಯಿಂದ ಅಜ್ಜಿ ಮುಖ ನೋಡಿದೆ. "ಅಜ್ಜೀ, ದೀಪ ಹಚ್ಚಿದ್ಮೇಲೆ ವಿದ್ಯೆ ಕೊಡಬಹುದಾ?"

ಅಜ್ಜಿ ಯೋಚನೆ ಮಾಡಿ, "ಶುಕ್ರವಾರ ಬೇಡಪ್ಪ" ಅಂದಳು.

"ಬೇಡ ಸಾರ್, ನೀವು ಯಾವ ವಾರಾನೂ ಕೊಡಬೇಡಿ, ದೋಷ" ಅಂದೆ. "ಪರೀಕ್ಷೆ ದಿನ ಹಾಲ್‌ನಲ್ಲಿ ಗೋಡೆ ಕಡೆ ತಿರುಗಿ ನಿಂತ್ಕೊಂಡ್ಬುಡಿ, ಸಾಕು."