ಲೈವಿಗೆ ಬಂದವರೆಲ್ಲ ನೆಂಟರು

ಹೆಂಡತಿಯ ಲೈವ್ ನೋಡುವ ಜನರನ್ನು ಒಂದೇ ಭಾನುವಾರದಲ್ಲಿ ದುಪ್ಪಟ್ಟು ಮಾಡಿ ತೋರಿಸುತ್ತೇನೆಂದು ಕಾಶಿರಾಯ ಶಪಥ ಮಾಡಿದ. ಬದನೆಕಾಯಿಯನ್ನು ಗದೆಯ ಹಾಗೆ ಮೇಲೆತ್ತಿ ಮಾಡಿದ ಶಪಥ!

ಅವನ ಹೆಂಡತಿ ಭುವನೇಶ್ವರಿ ಪ್ರತಿ ಭಾನುವಾರ ಮಧ್ಯಾಹ್ನ ಕಲಬುರಗಿಯ ತನ್ನ ಅಡುಗೆಮನೆಯಲ್ಲಿ ಲೈವಿಗೆಂದೇ ಸ್ಟ್ಯಾಂಡಿಗೆ ಸಿಕ್ಕಿಸಿಟ್ಟ ಹಳೆಯ ಮೊಬೈಲಿನ ಮುಂದೆ ನಿಂತು ಅಡುಗೆ ಮಾಡುತ್ತಿದ್ದಳು. ಒಂದು ವಾರವೂ ತಪ್ಪಿಸಿದವಳಲ್ಲ. ತಪ್ಪಿಸಿದರೆ ಜನ ಬೇರೆಯವರ ಒಲೆ ಹುಡುಕಿಕೊಂಡು ಹೋಗಿಬಿಡುತ್ತಾರೆಂಬ ಭಯ. ಆದರೆ ಈ ವಾರ ಕಮಲಾಪುರದಲ್ಲಿ ಅವಳ ತಾಯಿ ಮಲ್ಕಮ್ಮನ ಮೊಣಕಾಲು ಬಾತುಕೊಂಡಿತ್ತು. ಹೋಗಲೇಬೇಕು. ಹಾಗಾಗಿ ಈ ವಾರದ ಲೈವ್ ಗಂಡನ ಪಾಲಿಗೆ ಬಂತು.

"ನೀವು ಬರೇ ಬದ್ನಿಕಾಯಿ ಪಲ್ಯ ಮಾಡ್ರಿ. ಮಾತು ಕಡಿಮಿ ಇರಲಿ. ಅಲ್ಲಿ ಬರೋ ಮಂದಿ ಭಾಳ ಚಾಲಾಕಿ ಅದಾರ."

"ಏ, ನಾ ದುಡಿಯೋ ನಂದೂರಿನ ದಾಲ್ ಮಿಲ್ಲಿನಾಗ ಬಾಯಿ ತೆಗದ್ರ ಮಷಿನ್ ಬಂದ್ ಮಾಡಿ ನಗ್ತಾರ!"

"ಮಷಿನ್ ಯಾಕ ಬಂದ್ ಆಗ್ಯಾವಂತ ಮಾಲಕರು ಕೇಳಿಲ್ಲಲ್ಲ, ಪುಣ್ಯ," ಎಂದು ಭುವನೇಶ್ವರಿ ಚೀಲ ಹಿಡಿದು ಹೊರಟಳು.

ಲೈವ್ ಶುರುವಾಯಿತು. ಕಾಶಿರಾಯ ಬಾಣಲೆಯ ಮುಚ್ಚಳ ತೆಗೆದದ್ದೇ ತಡ, ಪರದೆಯ ತುಂಬ ಅಕ್ಷರಗಳು ಓಡತೊಡಗಿದವು.

"ಸೋಲಾಪುರ ಬಂತು!"

"ಸೋಲಾಪುರ! ಸೋಲಾಪುರ! ಇಳೀರಿ!"

"ಕಿಡಕಿ ಸೀಟು ನಂದು!"

ಕಾಶಿರಾಯ ಕನ್ನಡಕ ಒರೆಸಿಕೊಂಡ. ಮತ್ತೆ ಓದಿದ. ಹಿಂದೊಮ್ಮೆ ಭುವನೇಶ್ವರಿ ಮುಚ್ಚಳ ತೆಗೆದಾಗ ಹಬೆ ಪರದೆಯನ್ನೆಲ್ಲ ಮುಚ್ಚಿತ್ತಂತೆ. ಸೋಲಾಪುರದ ರೈಲು ಬಂತೆಂದು ಯಾರೋ ಬರೆದಿದ್ದರಂತೆ. ಅಂದಿನಿಂದ ಲೈವಿನ ಮಂದಿಯ ಪಾಲಿಗೆ ಹಬೆ ಎದ್ದಲ್ಲೆಲ್ಲ ಸೋಲಾಪುರ. ಇದು ಕಾಶಿರಾಯನಿಗೆ ಹೇಗೆ ಗೊತ್ತಾಗಬೇಕು?

"ಇದು ಕಲಬುರಗಿರಿ," ಎಂದ ಗಂಭೀರವಾಗಿ. "ಸೋಲಾಪುರಕ್ಕ ಹೋಗೋರು ಸ್ಟೇಷನ್ನಿಗೆ ಹೋಗ್ರಿ. ಅಡಿಗಿಮನ್ಯಾಗ ರೈಲು ನಿಲ್ಲೂದಿಲ್ಲ."

"ಟಿಸಿ ಹೊಸಬ ಬಂದಾನ!" ಎಂದು ಒಬ್ಬ ಬರೆದ. ಎಲ್ಲರೂ ನಕ್ಕರು. ತನ್ನ ಯಾವ ಮಾತಿಗೆ ನಕ್ಕರೆಂದು ಕಾಶಿರಾಯ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಅಷ್ಟರಲ್ಲಿ ಪರದೆಯ ಅಡಿಯಲ್ಲಿ, ನೋಡಲು ಬಂದವರೊಬ್ಬರ ಅಡ್ಡಹೆಸರಿನೊಂದಿಗೆ, 'ಸುಟ್ಟ ರೊಟ್ಟಿ ಬಂದರು' ಎಂದು ಮೂಡಿತು. ಕಾಶಿರಾಯನ ಕೈ ತಾನಾಗಿ ಮುಗಿಯಿತು. ಬಂಧುಗಳ ಮದುವೆಯಲ್ಲೆಲ್ಲ ಹಂದರದ ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳುವ ಅಧಿಕಾರ ಅವನದೇ. ಮನೆಗೆ ಬಂದವರನ್ನು ಮಾತಾಡಿಸದೆ ಬಿಡುವುದುಂಟೆ?

"ಬರ್ರಿ ಬರ್ರಿ, ಸುಟ್ಟ ರೊಟ್ಟಿಯವ್ರ! ಕೂಡ್ರಿ. ಊಟ ಆತೇನ್ರಿ? ಮನ್ಯಾಗ ಎಲ್ಲಾರೂ ಆರಾಮ?"

ಹಿಂದೆಯೇ 'ಬಿಸಿಲು ಬಾಸ್' ಬಂದರು. "ಬರ್ರಿ ಬಿಸಿಲು ಬಾಸ್ ಅವ್ರ, ನೆರಳಿಗೆ ಸರೀರಿ. ಊಟ ಆತೇನ್ರಿ?"

ಪರದೆಯ ತುಂಬ ಹಬ್ಬ! ಸುಟ್ಟ ರೊಟ್ಟಿ ಹೊರಗೆ ಹೋದರು, ಮತ್ತೆ ಒಳಗೆ ಬಂದರು.

"ಹೊಳ್ಳಿ ಬಂದ್ರಿ? ಛಲೋ ಆತು. ಊಟ ಆತೇನ್ರಿ?"

"ಕೈ ತೊಳ್ಕೊಂಡು ಬರಾಕ ಹೋಗಿದ್ದೆ ಕಾಕಾ."

ಬಿಸಿಲು ಬಾಸ್ ಎದ್ದು ಹೋಗಿ ಬಂದರು. ಅವರ ಹಿಂದೆ ಇಡೀ ಪಂಕ್ತಿಯೇ ಎದ್ದು ಹೋಗಿ ಬಂತು. ಕಾಶಿರಾಯ ಒಬ್ಬರನ್ನೂ ಬಿಡಲಿಲ್ಲ. ಮರ್ಯಾದೆ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗಬಾರದು ನೋಡಿ! ಗಂಟಲು ಒಣಗಿತು. ಬೆನ್ನ ಹಿಂದೆ ಬದನೆಕಾಯಿ ಕರಕಲಾಯಿತು.

"ಕಾಕಾ, ಹೊಗಿ!"

"ಸೋಲಾಪುರ ದಾಟ್ತು, ಪುಣೆ ಬಂತು!"

ತನ್ನನ್ನು ಆಟ ಆಡಿಸುತ್ತಿದ್ದಾರೆಂಬುದು ಕಾಶಿರಾಯನಿಗೆ ಆಗ ಹೊಳೆಯಿತು. ಅದೇ ಹೊತ್ತಿಗೆ 'ಕೆಂಪು ಬಾಳೆ ಬಂದರು' ಎಂದು ಮೂಡಿತು. ಇವರು ಆಗಿನಿಂದ ಬರುವುದು, ಹೋಗುವುದು, ಬರುವುದು ನಡೆದೇ ಇತ್ತು. ಬೇರೆಯವರು ಏನಾದರೊಂದು ಉತ್ತರ ಕೊಡುತ್ತಿದ್ದರು. ಇವರದು ಒಂದಕ್ಷರವೂ ಇಲ್ಲ!

"ಏನ್ರಿ ಕೆಂಪು ಬಾಳೆ! ಬಾಯಿಲ್ಲೇನು ನಿಮಗ? ಊಟ ಆತೇನಂತ ಕೇಳಿದ್ರ ಹೂಂ ಇಲ್ಲ, ಊಹೂಂ ಇಲ್ಲ. ಇದೇನು ಬಸ್ ಸ್ಟ್ಯಾಂಡ್ ಅಂತ ತಿಳ್ಕೊಂಡೀರಿ? ನಡೀರಿ ಹೊರಗ!"

"ಬ್ಲಾಕ್ ಮಾಡು ಕಾಕಾ!" ಎಂದ ಒಬ್ಬ. ಎಲ್ಲಿ ಒತ್ತಬೇಕೆಂದು ಇನ್ನೊಬ್ಬ ಕಲಿಸಿಕೊಟ್ಟ. ಕಾಶಿರಾಯ ಒತ್ತಿದ. ಧರ್ಮ ಗೆದ್ದಿತು!

ಐದು ನಿಮಿಷದಲ್ಲಿ ಜೇಬಿನಲ್ಲಿದ್ದ ಅವನ ಸ್ವಂತ ಫೋನು ರಿಂಗಾಯಿತು. ಕೈಗೆ ಎಣ್ಣೆ ಅಂಟಿದ್ದರಿಂದ ಸ್ಪೀಕರ್ ಹಾಕಿದ.

"ಏನ್ ಮಾಡೀರಿ ನೀವು?" ಭುವನೇಶ್ವರಿ ಒಂದೇ ಉಸಿರಿಗೆ ಕೂಗಿದಳು. "ನಮ್ಮ ಅವ್ವನ್ನ ಹೊರಗ ಹಾಕೀರಿ!"

"ನಿಮ್ಮ ಅವ್ವ ಇಲ್ಲೆಲ್ಲಿ ಬಂದಾರ?"

"ಕೆಂಪು ಬಾಳೆ ಯಾರ್ರಿ ಮತ್ತ? ಕಮಲಾಪುರದಾಗ ಬೆಳೆಯೋ ಬಾಳೆ ಯಾವದು ಗೊತ್ತಿಲ್ಲೇನು? ಆಕೀಗಿ ಟೈಪ್ ಮಾಡಾಕ ಬರೂದಿಲ್ಲ. ಒಳಗ ಬಂದ್ರ ಅಳಿಯ ಊಟ ಆತೇನಂತ ಕೇಳ್ತಾನಂತ ಹೊಳ್ಳಿ ಹೊಳ್ಳಿ ಬಂದಾಳ. ಲಗ್ನ ಆದಾಗಿಂದ ನೀವು ಒಮ್ಮೆರ ಕೇಳೀರೇನು? ಈಗ ಊಟ ಬಿಟ್ಟು ಗ್ವಾಡಿಗಿ ಮುಖ ಮಾಡಿ ಮಲಗ್ಯಾಳ!"

ಅತ್ತೆ ಅಳಿಯ ನೇರ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅವಳು ಬಾಗಿಲ ಮರೆಯಲ್ಲಿ, ಇವನು ಕಟ್ಟೆಯ ಮೇಲೆ; ಏನಿದ್ದರೂ ನಡುವೆ ಭುವನೇಶ್ವರಿ. ಕಂಡು ಕೇಳರಿಯದವರನ್ನೆಲ್ಲ ಕೂರಿಸಿ ಉಪಚರಿಸಿ, ಖಾಸಾ ಅತ್ತೆಯನ್ನು ಹೊರಗೆ ತಳ್ಳಿದ್ದಾಯಿತಲ್ಲ!

ಫೋನಿನ ಮಾತನ್ನೆಲ್ಲ ಪರದೆಯ ಜನ ಕೇಳಿಸಿಕೊಂಡಿದ್ದರು. ಮೊದಲ ಸಲ ಯಾರೂ ನಗಲಿಲ್ಲ.

"ಕಾಕಾ, ಕಮಲಾಪುರ ಬಸ್ಸು ಹತ್ತು," ಎಂದು ಬಿಸಿಲು ಬಾಸ್ ಬರೆದರು. "ಮೊದಲ ಗ್ಯಾಸ್ ಬಂದ್ ಮಾಡು."

ಕಾಶಿರಾಯ ಗ್ಯಾಸ್ ಬಂದ್ ಮಾಡಿ, ಬಾಗಿಲಿಗೆ ಕೀಲಿ ಹಾಕಿ ಓಡಿದ.

ಕಮಲಾಪುರದಲ್ಲಿ ಚಪ್ಪಲಿ ಬಿಟ್ಟವನೇ ನೇರ ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿ ಕೈ ಮುಗಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಂಡು ಬಂದಿದ್ದರೂ ನಾಲಿಗೆ ತೊಡರಿತು.

"ಅತ್ತೀ... ಊಟ... ಊಟ ಆತೇನ್ರಿ?"

ಮಲ್ಕಮ್ಮ ಮಂಚದ ಮೇಲೆ ಮಗಳ ಮೊಬೈಲು ಹಿಡಿದು ಕುಳಿತಿದ್ದಳು. ತಲೆ ಎತ್ತದೆ, ಸುಮ್ಮನಿರು ಎಂಬಂತೆ ಕೈ ಆಡಿಸಿದಳು.

"ನೀವು ಓಡಿದ್ದು ನೋಡೇ ಉಂಡಾಳ," ಎಂದಳು ಭುವನೇಶ್ವರಿ.

"ನಾ ಓಡಿದ್ದು ಇಲ್ಲಿಂದ ಹ್ಯಾಂಗ ಕಾಣ್ತು?"

ಬಗ್ಗಿ ನೋಡಿದ. ಅವನದೇ ಅಡುಗೆಮನೆ! ಲೈವ್ ಬಂದ್ ಮಾಡುವುದನ್ನೇ ಮರೆತಿದ್ದ. ಕರಿ ಹಿಡಿದ ಬಾಣಲೆ, ಹನಿ ಹಾಕುವ ನಳ, ಗೋಡೆಯ ಮೇಲೊಂದು ಹಲ್ಲಿ. ಮತ್ತೇನೂ ಇಲ್ಲ. ಕೆಳಗೆ ಜನವೋ ಜನ!

"ನಳ ಮತ್ತ ಹನಿ ಹಾಕ್ತು!"

"ಬರ್ರಿ ಹಲ್ಲಿಯವ್ರ, ಊಟ ಆತೇನ್ರಿ?"

"ಇಷ್ಟು ಮಂದಿ ನನ್ನ ಲೈವಿಗೆ ಎಂದೂ ಬಂದಿದ್ದಿಲ್ಲ," ಎಂದಳು ಭುವನೇಶ್ವರಿ.

ಕಾಶಿರಾಯನ ಎದೆ ಉಬ್ಬಿತು. "ದುಪ್ಪಟ್ಟು ಆಗ್ಯಾರ?"

"ಆಗ್ಯಾರ. ನೀವು ಎದ್ದು ಹೋದ ಮ್ಯಾಲ."

ಮಲ್ಕಮ್ಮ ಆಗ ಮೆಲ್ಲಗೆ ಮೊಬೈಲು ಕೆಳಗಿಟ್ಟಳು. ಮಗಳ ಕಡೆ ತಿರುಗದೆ ಅಳಿಯನನ್ನೇ ನೋಡಿ, ಲಗ್ನವಾದಂದಿನಿಂದ ಮೊಟ್ಟಮೊದಲ ಸಲ ಬಾಯಿ ಬಿಟ್ಟು ಹೇಳಿದಳು:

"ಮುಂದಿನ ಐತಾರನೂ ಅದನ್ನ ಹಿಂಗೇ ಹಚ್ಚಿಟ್ಟು, ನೀವು ಇಲ್ಲಿಗಿ ಬಂದುಬಿಡ್ರಿ ಅಳಿಯಂದ್ರ. ಛಂದ ಇರ್ತದ."