ಬಾಳೂರಿನ ಬಸುರಿ ಓತಿಗಳು

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆಂದು ಆಣೆ ಮಾಡುವ ಧೈರ್ಯ ನನಗಿಲ್ಲ. ಬಾಳೂರಿನ ಆ ಎಸ್ಟೇಟಿನಲ್ಲಿ ಮೇಸ್ತ್ರಿ ಕೆಂಚಪ್ಪನಿಗೆ ನಾನು ಬೈದೆನೋ, ಬೈಯಬೇಕೆಂದುಕೊಂಡು ಸುಮ್ಮನಾದೆನೋ, ಈಗ ಖಚಿತವಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಜೂನ್ ಎಂಬುದಷ್ಟೇ ಗೊತ್ತು. ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಎಲ್ಲದರ ಮೇಲೂ ಅನುಮಾನ. ಹೆಂಡತಿಯ ಪ್ರಕಾರ ಅದು ಓದಿನಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು.

ಕಾಡಿನ ಓತಿಕ್ಯಾತಗಳು ಯಾವಾಗ ಬಸುರಾಗುತ್ತವೆ ಎಂಬುದನ್ನು ಅವುಗಳ ರಕ್ತದ ಹಾರ್ಮೋನು ಅಳೆದು ತಿಳಿಯುವುದು ನನ್ನ ಸಂಶೋಧನೆ. ಹಿಡಿದ ಮೂರು ನಿಮಿಷದೊಳಗೆ ಕಣ್ಣಿನ ಮೂಲೆಯಿಂದ ಸಪೂರ ಗಾಜಿನ ಕೊಳವೆಗೆ ಎರಡು ಹನಿ ರಕ್ತ ತೆಗೆಯಬೇಕು. ತಡವಾದರೆ ಹೆದರಿಕೆಯ ಹಾರ್ಮೋನು ಉಕ್ಕಿ ಎಲ್ಲ ಕೆಡುತ್ತದೆ. ಕೋಲಿನ ತುದಿಯ ನೈಲಾನ್ ಕುಣಿಕೆಯಲ್ಲಿ ನಾನು ಹಿಡಿದದ್ದು ಕಾಫಿ ಗಿಡದ ರೆಂಬೆಗಳನ್ನು, ಒಮ್ಮೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಟೋಪಿಯನ್ನು. ಹಾಗಾಗಿ ಹಿಡಿಯುವುದು ಕೆಂಚಪ್ಪನ ಪಾಲಿಗೆ, ಗಡಿಯಾರ ನೋಡಿಕೊಂಡು ಚುಚ್ಚುವುದು ನನ್ನ ಪಾಲಿಗೆ ಬಂತು.

ಎರಡು ಮಳೆಗಾಲ ಕಳೆದರೂ ಒಂದೇ ಒಂದು ಹೆಣ್ಣು ಓತಿಯ ಹಾರ್ಮೋನು ಏರಲಿಲ್ಲ. "ನಿಮ್ಮ ಬಾಳೂರಿನ ಓತಿಗಳೆಲ್ಲ ಸನ್ಯಾಸ ತಗೊಂಡಿವೆಯೇನ್ರೀ?" ಎಂದರು ನನ್ನ ಗೈಡು. ಮೂರನೆಯ ಮಳೆಗಾಲವೂ ಹೀಗೇ ಹೋದರೆ ನನ್ನ ಪಿಎಚ್.ಡಿ. ಅಲ್ಲಿಗೆ ಮುಗಿಯಿತು. ಅಂಥದ್ದರಲ್ಲಿ ಒಂದು ಬೆಳಿಗ್ಗೆ, ಹೊಟ್ಟೆ ಉಬ್ಬಿದ ಓತಿಯೊಂದರ ಮುಂದೆ ಕೆಂಚಪ್ಪ ಕೋಲು ಇಳಿಸಿ ಪಕ್ಕದ ಮರಕ್ಕೆ ನಡೆದದ್ದನ್ನು ಕಣ್ಣಾರೆ ಕಂಡೆ.

"ಯಾಕೆ ಬಿಟ್ರಿ ಮೇಸ್ತ್ರಿ?"

"ಬಸುರಿ ಅಲ್ವಾ ಸಾರ್. ಬಸುರಿ ಮೈಯಿಂದ ರಕ್ತ ತೆಗೀಬಾರ್ದು."

"ಎರಡು ವರ್ಷದಿಂದ ಹಿಂಗೇ ಬಿಡ್ತಿದ್ದೀರಾ?"

"ಕಂಡಿದ್ದೆಲ್ಲಾ ಬಿಟ್ಟಿದ್ದೀನಿ. ನೀವು ಹೆಣ್ಣು ಹಿಡಿ ಅಂದ್ರಿ, ಬಸುರಿ ಹಿಡಿ ಅನ್ಲಿಲ್ವಲ್ಲ ಮಾರಾಯ್ರೆ!" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ನನ್ ಮಗ್ಳು ರತ್ನಂಗೆ ಏಳು ತಿಂಗ್ಳಲ್ಲಿ ರಕ್ತ ಹೋಗೋಕೆ ಶುರುವಾಯ್ತು ಸಾರ್. ಮೂಡಿಗೆರೆ ಆಸ್ಪತ್ರೆ ಮುಟ್ಲಿಲ್ಲ, ಜೀಪಲ್ಲೇ ತೀರ್ಕೊಂಡ್ಳು."

ಅದಕ್ಕೆ ನಾನೇನೆಂದೆ? ನೆನಪು ಎರಡು ಉತ್ತರ ಕೊಡುತ್ತದೆ. ಒಂದರಲ್ಲಿ ಸುಮ್ಮನೆ ಅವನ ಹೆಗಲ ಮೇಲೆ ಕೈಯಿಡುತ್ತೇನೆ. ಇನ್ನೊಂದರಲ್ಲಿ, ಆಳುಗಳೆಲ್ಲ ಕೇಳುವಂತೆ, "ಅದು ಮನುಷ್ಯರ ವಿಷಯ, ಇದು ಓತಿ, ನನ್ನ ಎರಡು ವರ್ಷ ಹಾಳು ಮಾಡಿದ್ರಿ" ಎನ್ನುತ್ತೇನೆ. ಮೊದಲನೆಯದು ನನಗೆ ಬಹಳ ಇಷ್ಟ. ಅದಕ್ಕೇ ಎರಡನೆಯದೇ ನಿಜವಿರಬೇಕೆಂಬ ಗುಮಾನಿ.

ಮರುದಿನ ಕೆಂಚಪ್ಪ ಒಂದು ಬಸುರಿ ಓತಿ ಹಿಡಿದು ತಂದ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು, ಮುಖ ಆಚೆ ತಿರುಗಿಸಿ, "ಬೇಗ ತೆಗೀರಿ ಸಾರ್" ಎಂದ. ಹಾರ್ಮೋನು ಏರಿತ್ತು. ಆಮೇಲೆ ಇನ್ನಷ್ಟು ತಂದ. ನಾನು ಡಾಕ್ಟರಾದೆ.

ಈ ಕಥೆಯನ್ನು ಎಷ್ಟೋ ಸೆಮಿನಾರುಗಳಲ್ಲಿ ಹೇಳಿ ನಗಿಸಿದ್ದೇನೆ. ಅಲ್ಲಿ ರತ್ನ ಬರುವುದಿಲ್ಲ. ಕೊನೆಗೆ, ರಕ್ತ ಕೊಟ್ಟ ಆ ಮೊದಲ ಬಸುರಿ ಓತಿ ಸಿಲ್ವರ್ ಓಕ್ ಮರವನ್ನು ಸರಸರನೆ ಹತ್ತುತ್ತದೆ, ಕೆಂಚಪ್ಪ "ಹೋಯ್ತು ನೋಡಿ ಸಾರ್, ಬಾಣಂತನಕ್ಕೆ" ಎನ್ನುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ.

ಹತ್ತು ವರ್ಷದ ಮೇಲೆ ಕೆಂಚಪ್ಪ ತೀರಿಕೊಂಡ ಸುದ್ದಿ ಬಂದ ದಿನ, ಹಳೆಯ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. ನಾನು ಬೈದೆನೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಪುರಾವೆ ಇರಲಿಲ್ಲ. ಕೆಂಚಪ್ಪ ಮುಖ ತಿರುಗಿಸಿ ಹಿಡಿದುಕೊಂಡಿದ್ದ ಆ ಮೊದಲ ಓತಿಯ ಸಾಲಿನಲ್ಲಿ ಮಾತ್ರ ನನ್ನದೇ ಅಕ್ಷರಗಳಿದ್ದವು: 'ರಕ್ತ ತೆಗೆಯುವಾಗ ಕೈಯಲ್ಲೇ ಸತ್ತಿತು. ಮೊಟ್ಟೆ ಹನ್ನೊಂದು.'